ಏರ್ ಇಂಡಿಯಾ ಎಕ್ಸ್‌ಪ್ರೆಸ್ 737-800 ಡೈಕಾಸ್ಟ್: ಬಾಲ ಸೂಪರ್, ಇಂಜಿನ್ ಮಾತ್ರ ಸರಿ ಇಲ್ಲ

ನಮ್ಮ ಕಾಸರಗೋಡಿನವ್ರು ಮಂಗ್ಳೂರಿಂದ ಗಲ್ಫಿಗೆ ಎಷ್ಟೋ ಸಲ ಹತ್ತಿ ಇಳಿದ ವಿಮಾನ, ಹಾಗಾಗಿ ಅದರ 1:400 ಡೈಕಾಸ್ಟ್ ಮಾಡೆಲ್ ತರಿಸಿದೆ, ಅಂದ್ರೆ ಲೋಹ ಅಚ್ಚಿಗೆ ಹೊಯ್ದು ಮಾಡಿದ್ದು, ಉದ್ದದಲ್ಲಿ ಅಸಲಿಯ 400ರಲ್ಲಿ ಒಂದು ಪಾಲು. ಸ್ಕೇಲ್ ಹಿಡಿದು ಅಳೆದೆ, ನಿಜವಾದ್ದರ ಉದ್ದ 39.5 ಮೀಟರ್, ಇದರದ್ದು 9.9 ಸೆಂಟಿಮೀಟರ್, ಲೆಕ್ಕ ಸರಿಯಾಗಿ ಕೂತಿದೆ. ಬಾಲದ ಎರಡು ಬದಿಗೂ ಬೇರೆ ಬೇರೆ ಚಿತ್ರ ಉಂಟು ಮಾರಾಯ್ರೆ, ಅಸಲಿ ವಿಮಾನದಲ್ಲೂ ಹಾಗೇ ಇದ್ದದ್ದು, ನೋಡಿ ತುಂಬ ಖುಷಿಯಾಯ್ತು.

ಆದ್ರೆ ಇಂಜಿನ್! 737ರ ರೆಕ್ಕೆ ನೆಲಕ್ಕೆ ಹತ್ರ ಇರುದ್ರಿಂದ ಇಂಜಿನಿನ ಬಾಯಿ ಅಡಿಭಾಗದಲ್ಲಿ ಚಪ್ಪಟೆ ಇರ್ಬೇಕು, ಮಾಡೆಲ್ ಮಾಡಿದವ್ರು ಪೂರ್ತಿ ಉರುಟು ಮಾಡಿಟ್ಟಿದ್ದಾರೆ, ಎದುರಿಂದ ನೋಡಿದ್ರೆ ಬೇರೆ ಯಾವುದೋ ವಿಮಾನದ ಹಾಗೆ ಕಾಣ್ತದೆ, ಈ ರೇಟಿಗೆ ಇಂಥ ತಪ್ಪು ನಂಗೆ ಒಪ್ಲಿಕ್ಕೆ ಆಗುದಿಲ್ಲ. ಚಕ್ರ ತಿರುಗ್ತದೆ, ಕಿಟಕಿ ಪ್ರಿಂಟ್ ಕ್ಲಿಯರ್ ಉಂಟು. ಐದರಲ್ಲಿ ಮೂರೂವರೆ.