ಆಫ್ರಿಕನ್ ಬ್ಲ್ಯಾಕ್‌ವುಡ್‌ನಲ್ಲಿ ಕೈಯಾರೆ ಕಡೆದ ಬ್ಯಾಗ್‌ಪೈಪ್: ನುಡಿಸಿ ನೋಡಿದ ಮೇಲೆ

ಕುಶಲಕರ್ಮಿಯೊಬ್ಬರು ಒಂಟಿಯಾಗಿ ನಡೆಸುವ ಪುಟ್ಟ ಕಾರ್ಯಾಗಾರದಲ್ಲಿ ಮುಂಗಡ ಕೊಟ್ಟು ಮಾಡಿಸಿಕೊಂಡ, ಚೀಲಕ್ಕೆ ಗಾಳಿ ತುಂಬಿ ಕೊಳವೆಗಳಲ್ಲಿ ನುಡಿಸುವ ಸ್ಕಾಟಿಷ್ ಹೈಲ್ಯಾಂಡ್ ಬ್ಯಾಗ್‌ಪೈಪ್ ಅನ್ನು ಮಳೆ, ಚಳಿ, ಬಿಸಿಲು ಮೂರರಲ್ಲೂ ನುಡಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇದನ್ನು ನೋಡಿದವರೆಲ್ಲ ಮೊದಲು ಮೆಚ್ಚುವುದು ಬೆಳ್ಳಿಯ ಬಳೆಗಳನ್ನು. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಸಾರ್ಥಕತೆ ಬಂದಿರುವುದು ಹೊರಗಿನವರ ಕಣ್ಣಿಗೆ ಬೀಳದ ಒಳಕೊಳವೆಯ ಕೆಲಸದಿಂದ.

ಬೀಟೆಯ ಕುಲಕ್ಕೇ ಸೇರಿದ ಆಫ್ರಿಕನ್ ಬ್ಲ್ಯಾಕ್‌ವುಡ್ ಮುಖ್ಯವಾಗಿ ಟಾಂಜಾನಿಯಾ ಮತ್ತು ಮೊಜಾಂಬಿಕ್‌ನ ಒಣ ಕಾಡುಗಳಿಂದ ಬರುತ್ತದೆ. ಕಡಿಯುವ ಗಾತ್ರಕ್ಕೆ ಬೆಳೆಯಲು ಹಲವು ದಶಕ ಹಿಡಿಯುವ ಈ ಮರದ ಕಾಂಡ ಸಣ್ಣದು, ಸೊಟ್ಟಗಿನದು, ಬಿರುಕು ಗಂಟುಗಳಿಂದ ತುಂಬಿರುವಂಥದು. ಹಾಗಾಗಿ ಒಂದು ದಿಮ್ಮಿಯಲ್ಲಿ ವಾದ್ಯಕ್ಕೆ ಒದಗುವ ನೇರ ಎಳೆಯ ಚೇಗು ಬಹಳ ಕಡಿಮೆ. ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಂ ತೂಗುವ ಈ ಮರ ನೀರಿನಲ್ಲಿ ಮುಳುಗುತ್ತದೆ, ಉಳಿಯ ಬಾಯಿಯನ್ನು ಬೇಗ ಮೊಂಡಾಗಿಸುತ್ತದೆ, ತನ್ನೊಳಗಿನ ಎಣ್ಣೆಯಂಶದಿಂದಾಗಿ ಅಂಟನ್ನು ಸುಲಭವಾಗಿ ಹಿಡಿಯುವುದಿಲ್ಲ. ಕಡೆಯುವಾಗ ಏಳುವ ನುಣ್ಣನೆಯ ಪುಡಿ ಕೆಲವರಿಗೆ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುವುದರಿಂದ ಮುಖಗವಸು ಮತ್ತು ಪುಡಿ ಹೀರುವ ಯಂತ್ರವಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಇಷ್ಟೆಲ್ಲ ಸತಾಯಿಸಿದರೂ ತಯಾರಕರು ಇದನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ: ಇದು ಲೋಹದಷ್ಟು ಕರಾರುವಾಕ್ಕಾಗಿ ಅಳತೆಗೆ ಬರುತ್ತದೆ ಮತ್ತು ಬಂದ ಅಳತೆಯನ್ನು ಬಿಟ್ಟುಕೊಡುವುದಿಲ್ಲ.

ಅಳತೆ ನಿಲ್ಲಬೇಕಾದರೆ ಮಾತ್ರ ಮರಕ್ಕೆ ಸಮಯ ಕೊಡಬೇಕು. ನನ್ನ ವಾದ್ಯದ ತುಂಡುಗಳನ್ನು ಮೊದಲು ದಪ್ಪಗೆ ಕಡೆದು, ನಡುವೆ ಕಿರಿದಾದ ರಂಧ್ರ ಕೊರೆದು, ವರ್ಷಗಟ್ಟಲೆ ಹಾಗೆಯೇ ಒಣಗಲು ಬಿಟ್ಟಿದ್ದರು. ಉದ್ದನೆಯ ತುಂಡಿನಲ್ಲಿ ಬೈರಿಗೆ ಎಳೆಯ ಜಾಡು ಹಿಡಿದು ಪಕ್ಕಕ್ಕೆ ಸರಿಯುವ ಸಂಭವ ಸದಾ ಇರುತ್ತದೆ. ಅದಕ್ಕಾಗಿ ಅವರು ರಂಧ್ರವನ್ನು ಮೊದಲು ಕೊರೆದು, ಹೊರಮೈಯನ್ನು ಆ ರಂಧ್ರವನ್ನೇ ಅಚ್ಚಾಗಿ ಇಟ್ಟುಕೊಂಡು ಕಡೆಯುತ್ತಾರೆ. ಬೇಸ್ ಡ್ರೋನ್‌ನ (ಒಂದೇ ಸ್ವರವನ್ನು ಎಡೆಬಿಡದೆ ಹಿಡಿಯುವ ಡ್ರೋನ್ ಕೊಳವೆಗಳಲ್ಲಿ ಅತಿ ತಗ್ಗಿನ ದನಿಯದು) ಒಂದು ತುಂಡನ್ನು ಬಿಚ್ಚಿ ದೀಪಕ್ಕೆ ಹಿಡಿದು ನೋಡಿದರೆ ಒಳಗೋಡೆಯ ಮೇಲೆ ಬೆಳಕಿನ ಉಂಗುರಗಳು ಒಂದರ ಹಿಂದೊಂದು ಮುರಿಯದೆ ಸಾಗುತ್ತವೆ. ಉಪಕರಣದ ಗೀರು ಎಲ್ಲಿಯೂ ಕಾಣುವುದಿಲ್ಲ. ಕೊಳ್ಳುವ ಮೊದಲು ಪ್ರತಿಯೊಬ್ಬರೂ ಮಾಡಬೇಕಾದ ಪರೀಕ್ಷೆ ಇದು.

ಈ ಶ್ರಮದ ಫಲ ಕಿವಿಗೆ ಬೀಳುವುದು ಡ್ರೋನ್‌ಗಳಲ್ಲಿ. ರಾಗ ನುಡಿಸುವ ಕೊಳವೆಯಾದ ಚಾಂಟರ್‌ನ ಕೆಳಗಿನ ಎ ಸ್ವರ ಇಂದಿನ ರೂಢಿಯಂತೆ 480 ಹರ್ಟ್ಸ್ ಆಸುಪಾಸಿನಲ್ಲಿದ್ದರೆ, ಎರಡು ಟೆನರ್ ಡ್ರೋನ್‌ಗಳು ಅದರ ಅರ್ಧದಲ್ಲಿ, ಬೇಸ್ ಡ್ರೋನ್ ಕಾಲುಭಾಗದಲ್ಲಿ ನಿಲ್ಲಬೇಕು. ಟೆನರ್‌ಗಳ ನಡುವೆ ಒಂದೇ ಒಂದು ಹರ್ಟ್ಸ್ ಅಂತರವಿದ್ದರೂ ಸೆಕೆಂಡಿಗೊಮ್ಮೆ ದನಿ ಏರಿ ಇಳಿಯುವುದು ಸ್ಪಷ್ಟವಾಗಿ ಕೇಳುತ್ತದೆ. ಈ ವಾದ್ಯದಲ್ಲಿ ಡ್ರೋನ್‌ನ ಉದ್ದ ಹೊಂದಿಸುವ ಜಾರುಕೊಳವೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋದಂತೆ ಆ ಅಲೆ ನಿಧಾನವಾಗಿ, ಕೊನೆಗೆ ಅಡಗಿ, ಎರಡು ದನಿಗಳು ಒಂದೇ ಶ್ರುತಿಯಾಗಿ ಕೂಡಿಕೊಳ್ಳುತ್ತವೆ. ಚೀಲದ ಒತ್ತಡ ಸಮನಾಗಿದ್ದರೆ ದೀರ್ಘ ಅಭ್ಯಾಸ ಮುಗಿಯುವವರೆಗೂ ಅವು ಬೇರಾಗುವುದಿಲ್ಲ. ಬೇಸ್‌ನ ನಾದ ತುಂಬಿದ್ದರೂ ಚಾಂಟರನ್ನು ಮುಚ್ಚಿಹಾಕುವುದಿಲ್ಲ. ಇಷ್ಟು ನೆಮ್ಮದಿಯ ಶ್ರುತಿಯ ಮೇಲೆ ನುಡಿಸುವುದು ನನಗೆ ನಿಜವಾದ ಸಂತೋಷ ಕೊಟ್ಟಿದೆ.

ಕೊರತೆಗಳೂ ಇವೆ. ಒಪ್ಪಿಕೊಂಡ ಅವಧಿ ಮೀರಿದ ಮೇಲೆಯೇ ವಾದ್ಯ ಕೈಸೇರಿತು. ಜಾರುಕೊಳವೆಗಳಿಗೆ ಸುತ್ತಿದ್ದ ಮೇಣದ ಸೆಣಬಿನ ದಾರ ಸಡಿಲವಾಗಿತ್ತು. ಅದನ್ನು ನಾನೇ ಬಿಚ್ಚಿ ಮತ್ತೆ ಸುತ್ತಬೇಕಾಯಿತು. ಒಂದು ಟೆನರ್‌ನ ಮೇಲಿನ ಅಲಂಕಾರದ ಗೆರೆಗಳಲ್ಲಿ ಕೊನೆಯದು ಉಳಿದವುಗಳಷ್ಟು ಆಳವಿಲ್ಲ. ಚಾಂಟರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ: ಬಯಲಿನಲ್ಲಿ, ಗುಂಪಿನ ಜೊತೆ ನುಡಿಸುವವರಿಗೆ ತೇವಕ್ಕೆ ಜಗ್ಗದ ಪ್ಲಾಸ್ಟಿಕ್ ಚಾಂಟರೇ ಅನುಕೂಲ, ಒಳಾಂಗಣದಲ್ಲಿ ಒಬ್ಬರೇ ನುಡಿಸುವವರು ಮಾತ್ರ ಮರದ ಚಾಂಟರಿಗೆ ಹಣ ಹಾಕಲಿ.

ಹೊಸ ವಾದ್ಯವನ್ನು ಮೊದಲ ದಿನದಿಂದಲೇ ಗಂಟೆಗಟ್ಟಲೆ ನುಡಿಸಬಾರದು. ಉಸಿರಿನ ತೇವ ಕುಡಿದ ಒಳಗೋಡೆ ಹಿಗ್ಗುತ್ತದೆ, ಒಣಗಿದ ಹೊರಮೈ ಹಿಗ್ಗುವುದಿಲ್ಲ, ಈ ಎಳೆದಾಟದಲ್ಲಿ ಮರ ಸೀಳುತ್ತದೆ. ಆರಂಭದ ವಾರಗಳಲ್ಲಿ ದಿನಕ್ಕೆ ಕಾಲು ಗಂಟೆ ಸಾಕು. ನುಡಿಸಿದ ಮೇಲೆ ಒಳಗಿನ ಪಸೆಯನ್ನು ತಪ್ಪದೆ ಒರೆಸಬೇಕು.

ಮರದ ಮೂಲವನ್ನೂ ಕೇಳಿ ತಿಳಿದುಕೊಳ್ಳಿ. ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ, ಅಳಿವಿನ ಭೀತಿಯ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದ ನಿಯಂತ್ರಣದಲ್ಲಿದೆ. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆಯಾದರೂ ಹಸಿ ದಿಮ್ಮಿಗೆ ಸಿಕ್ಕಿಲ್ಲ. ನನ್ನ ತಯಾರಕರು ಕೇಳುವ ಮೊದಲೇ ದಿಮ್ಮಿಯ ದಾಖಲೆ ತೋರಿಸಿದರು. ತುಂಡು ಬಿರುಕುಬಿಟ್ಟರೆ ಅದೇ ಮರದಿಂದ ಬದಲಿ ಮಾಡಿಕೊಡಲು ಒಂದು ಕಡ್ಡಿಯನ್ನು ನನ್ನ ಹೆಸರು ಬರೆದು ಕಪಾಟಿನಲ್ಲಿ ತೆಗೆದಿಟ್ಟಿದ್ದಾರೆ. ತಡವಾದ ಸಿಟ್ಟು ನನಗೆ ಅಷ್ಟರಲ್ಲೇ ಇಳಿದಿತ್ತು.