ತಿರುವಣ್ಣಾಮಲೈ ರಮಣಾಶ್ರಮ: ವಿಧಿಯ ಪ್ರಶ್ನೆ ಕಾಡುತ್ತಿದ್ದರೆ ಹೋಗಿ ಬನ್ನಿ

ಎದುರು ಕೂರಿಸಿಕೊಂಡು ಉಪದೇಶ ಮಾಡುವ ಗುರುಗಳು ಬೇಕು ಅನ್ನುವವರಿಗೆ ಈ ಜಾಗ ಹೊಂದುವುದಿಲ್ಲ. 1950ರಲ್ಲಿ ರಮಣ ಮಹರ್ಷಿಗಳು ದೇಹ ಬಿಟ್ಟ ಮೇಲೆ ಅವರ ಜಾಗದಲ್ಲಿ ಇನ್ನೊಬ್ಬ ಗುರು ಕೂತಿಲ್ಲ. ಬಂದವರು ಸುಮ್ನೆ ಕೂರಬಹುದು, ಹಿಂದಿರುವ ಅರುಣಾಚಲ ಬೆಟ್ಟದ ದಾರಿಯಲ್ಲಿ ನಡೆಯಬಹುದು. ನನಗೆ ಬೇಕಾಗಿದ್ದದ್ದು ಅದೇ.

ದಾವಣಗೆರೆಯಲ್ಲಿ ನನ್ನ ಬಟ್ಟೆ ಅಂಗಡಿ ಮುಚ್ಚಿದಾಗ ಕೆಲವರು 'ಹಣೇಲಿ ಬರೆದಿತ್ತು ಬಿಡಿ' ಅಂದರು. ಕೆಲವರು 'ಇನ್ನೊಂದು ವರ್ಷ ಗಟ್ಟಿಯಾಗಿ ನಿಲ್ಲಬೇಕಿತ್ತು' ಅಂದರು. ಎರಡೂ ಮಾತು ನಿದ್ದೆ ಕೆಡಿಸಿದ್ದವು.

ವಿಧಿಯೋ ಪ್ರಯತ್ನವೋ ಅನ್ನುವ ಈ ಪ್ರಶ್ನೆಗೆ ಮಹರ್ಷಿಗಳ ಬದುಕಲ್ಲೇ ಒಂದು ಘಟನೆ ಇದೆ. 1898ರಲ್ಲಿ ತಾಯಿ ಅಳಗಮ್ಮಾಳ್ ಮಗನನ್ನು ಮನೆಗೆ ಕರೆದುಕೊಂಡು ಹೋಗಲು ಬಂದರು. ಅತ್ತರು, ಬೇಡಿಕೊಂಡರು. ಮೌನದಲ್ಲಿದ್ದ ಮಗ ಕಾಗದದ ಮೇಲೆ ಬರೆದುಕೊಟ್ಟದ್ದು ಇಷ್ಟು: ಪ್ರಾರಬ್ಧದಂತೆಯೇ ಎಲ್ಲ ನಡೆಯುತ್ತದೆ, ಆಗದೇ ಇರುವುದು ಎಷ್ಟು ಪ್ರಯತ್ನಿಸಿದರೂ ಆಗದು, ಆಗಲೇಬೇಕಾದ್ದು ಎಷ್ಟು ತಡೆದರೂ ನಿಲ್ಲದು, ಸುಮ್ಮನಿರುವುದೇ ಒಳ್ಳೆಯದು. ತಾಯಿ ಬರಿಗೈಲಿ ಹೋದರು. ಆದರೆ 1916ರಲ್ಲಿ ಅವರೇ ಮಗನ ಹತ್ತಿರ ಬಂದು ನೆಲೆಸಿದರು. 1922ರಲ್ಲಿ ತೀರಿಕೊಂಡಾಗ ಬೆಟ್ಟದ ತಪ್ಪಲಲ್ಲಿ ಸಮಾಧಿ ಮಾಡಿದರು. ಇವತ್ತಿನ ಆಶ್ರಮ ಬೆಳೆದದ್ದು ಆ ಸಮಾಧಿಯ ಸುತ್ತಲೇ. ಆ ಸಮಾಧಿಯ ಮೇಲಿನ ಗುಡಿಯ ಮುಂದೆ ನಿಂತಾಗ ನನಗೆ ಕಣ್ಣು ತುಂಬಿ ಬಂತು.

ಹಾಗಾದರೆ ಕೈಕಟ್ಟಿ ಕೂರೋದಾ? ಅಲ್ಲ. ಅದೇ ಮಹರ್ಷಿಗಳು ಎಷ್ಟೋ ವರ್ಷ ಬೆಳಗಿನ ಜಾವ ಎದ್ದು ಆಶ್ರಮದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಕೆಲಸ ಬಿಡು ಅಂತ ಅವರು ಹೇಳಲಿಲ್ಲ. ವಿಧಿ ದೊಡ್ಡದೋ ಪ್ರಯತ್ನ ದೊಡ್ಡದೋ ಎಂಬ ಜಗಳ ಎರಡರ ಬೇರು ಗೊತ್ತಿಲ್ಲದವರದ್ದು ಎಂದು ತಮ್ಮ ತಮಿಳು ಪದ್ಯವೊಂದರಲ್ಲಿ ಹೇಳಿದ್ದಾರೆ. ಆ ಬೇರು 'ನಾನು'. ಯೋಚನೆ ಬಂದಾಗ ಅದು ಯಾರಿಗೆ ಬಂತು ಅಂತ ಕೇಳಿಕೊಳ್ಳಿ ಎನ್ನುತ್ತಿದ್ದರು ಅವರು. ಹಳೆಯ ಹಾಲ್‌ನಲ್ಲಿ ಕೂತು ನಾನು ಹಾಗೆಯೇ ಮಾಡಿ ನೋಡಿದೆ. ಅವರು ಒರಗುತ್ತಿದ್ದ ಮಂಚದ ಮೇಲೆ ಈಗ ಅವರ ದೊಡ್ಡ ಚಿತ್ರವಿದೆ. ಹೊರಗೆ ನವಿಲಿನ ಕೂಗು. ಅಂಗಡಿಯ ಯೋಚನೆ ಬಂತು. ಯಾರಿಗೆ ಬಂತು? ನನಗೆ. ಈ ನಾನು ಯಾರು? ಉತ್ತರ ಹೊಳೆಯಲಿಲ್ಲ. ಆದರೆ ಯೋಚನೆ ಅಲ್ಲೇ ನಿಂತುಬಿಟ್ಟಿತು. ಮತ್ತೆ ಬಂತು, ಮತ್ತೆ ಕೇಳಿದೆ. ಹಣೆಬರಹದ ಬಗ್ಗೆ ಓದಿದ್ದೆಲ್ಲಕ್ಕಿಂತ ಆ ಒಂದು ಬೆಳಗ್ಗೆ ನನಗೆ ಜಾಸ್ತಿ ಕೊಟ್ಟಿತು.

ಊಟ ಸರಳ, ರುಚಿ ಚೆನ್ನಾಗಿದೆ. ನೆಲದ ಮೇಲೆ ಸಾಲಾಗಿ ಕೂತು ಎಲೆಯಲ್ಲಿ ಅನ್ನ, ಸಾಂಬಾರು, ರಸಂ, ಮಜ್ಜಿಗೆ. ಬಡಿಸುವವರು ಅವಸರ ಮಾಡುವುದಿಲ್ಲ. ಕೋಣೆಗೆ ಬಾಡಿಗೆ ಇಲ್ಲ, ಕಾಣಿಕೆ ನಿಮ್ಮಿಷ್ಟ. ಆದರೆ ಮೊದಲೇ ಕೇಳಿ ಒಪ್ಪಿಗೆ ಪಡೆದಿರಬೇಕು. ಹುಣ್ಣಿಮೆ ಮತ್ತು ಕಾರ್ತಿಕ ದೀಪದ ಸಮಯ ಬೇಡ. ಗಿರಿ ಪ್ರದಕ್ಷಿಣೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಸುಮ್ಮನೆ ಕೂರಲು ಬಂದವರಿಗೆ ಊರಿಡೀ ಗದ್ದಲ.

ಹಿಂಬದಿಯ ಗೇಟಿನಿಂದ, ಬೆಟ್ಟದ ಮೇಲೆ ಮಹರ್ಷಿಗಳು ಮೊದಲು ಇದ್ದ ಸ್ಕಂದಾಶ್ರಮಕ್ಕೆ ಹೋಗುವ ಕಲ್ಲುದಾರಿಯನ್ನು ಬೆಳಗ್ಗೆ ಬೇಗ ಹತ್ತಿ, ಬಿಸಿಲೇರಿದರೆ ಕಲ್ಲು ಸುಡುತ್ತದೆ. ಪುಸ್ತಕದಂಗಡಿಯಲ್ಲಿ ಮಹರ್ಷಿಗಳ ಉಪದೇಶದ 'ನಾನು ಯಾರು?' ಕನ್ನಡದಲ್ಲೇ ಸಿಗುತ್ತದೆ. ಪುಟ್ಟ ಪುಸ್ತಕ. ಹೋದ ದಿನವೇ ಕೊಂಡು ಓದಿ, ಆಮೇಲೆ ಹಾಲ್‌ಗೆ ಹೋಗಿ.