ಮಾಜಿ ಸೈನಿಕರ ನೆನಪಿಗೆ ಬಾಕ್ಸ್ ಫ್ರೇಮ್: ಅವೆನ್ಯೂ ರಸ್ತೆಯ ಕೆಲಸ ಹೇಗಿದೆ?

ತೀರಿಕೊಂಡ ಮಾಜಿ ಸೈನಿಕರ ಪದಕ, ಫೋಟೊ, ಪತ್ರಗಳನ್ನೆಲ್ಲ ಒಂದೇ ಬಾಕ್ಸ್ ಫ್ರೇಮಿನಲ್ಲಿ (ಪೆಟ್ಟಿಗೆಯಂತೆ ಆಳವಿರುವ ಗಾಜಿನ ಫ್ರೇಮು) ಕೂರಿಸಿಕೊಡಿ ಅಂತ ಕೇಳಲು ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆ ಸುತ್ತಿನ ಅಂಗಡಿಗಳೇ ಅನುಕೂಲ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದೇ ಹೋಗಬಹುದು. ಮರ, ಗಾಜಿನ ಕೆಲಸದಲ್ಲಿ ಅಲ್ಲಿನವರ ಕೈ ಪಳಗಿದೆ. ಪದಕಗಳನ್ನು ಮಾತ್ರ ಅವರ ಪಾಡಿಗೆ ಬಿಟ್ಟು ಬರಬೇಡಿ.

ಮೊದಲ ತೊಂದರೆ ಗ್ಲೂ ಗನ್. ಪದಕದ ಹಿಂದೆ ಬಿಸಿ ಅಂಟು ಹಾಕಿ ಐದೇ ನಿಮಿಷದಲ್ಲಿ ಮುಗಿಸುತ್ತಾರೆ. ಬಿಸಿಲು ಬೀಳುವ ಗೋಡೆಯಲ್ಲಿ ಏಪ್ರಿಲ್ ಬಂತೆಂದರೆ ಅಂಟು ಮೆತ್ತಗಾಗಿ ಪದಕ ಜಾರಿ ಗಾಜಿನೊಳಗೇ ಬೀಳುತ್ತದೆ. ರಿಬ್ಬನ್ನಿಗೆ ತಾಗಿದ ಅಂಟು ಮತ್ತೆ ಬಿಡುವುದಿಲ್ಲ. ರಿಬ್ಬನ್ನಿನ ಮೇಲ್ತುದಿಯನ್ನು ಬಟ್ಟೆ ಹೊದಿಸಿದ ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಸೂಜಿ ದಾರದಲ್ಲಿ ಹೊಲಿಯಲು ಹೇಳಿ. ಪದಕದ ಅಂಚಿನಲ್ಲಿ ಸರ್ವಿಸ್ ನಂಬರ್, ಹೆಸರು ಕೆತ್ತಿರುತ್ತದೆ. ಅಂಗಡಿಯಲ್ಲಿ ಲೋಹ ಹೊಳಪಿಸುವ ಬ್ರಾಸೋ ಹಾಕಿ ಉಜ್ಜಿ ಹೊಳಪು ಕೊಡಲು ಬಂದರೆ ಬೇಡವೆನ್ನಿ, ಆ ಅಕ್ಷರ ಸವೆಯುತ್ತದೆ. ವೆಲ್ವೆಟ್ ಬದಲು ಬಣ್ಣ ಬಿಡದ ಹತ್ತಿ ಬಟ್ಟೆ ಕೇಳಿ. ಮಳೆಗಾಲದ ತೇವಕ್ಕೆ ಅಗ್ಗದ ಮರೂನ್ ವೆಲ್ವೆಟ್ ರಿಬ್ಬನ್ನಿಗೆ ಬಣ್ಣ ಹತ್ತಿಸುತ್ತದೆ.

ಎರಡನೆಯದು ಪದಕಗಳ ಕ್ರಮ. ಬಣ್ಣ ಚೆನ್ನಾಗಿ ಕಾಣುವಂತೆ ಜೋಡಿಸಿಬಿಡುತ್ತಾರೆ, ಪಾಪ, ಅವರಿಗೇನು ಗೊತ್ತು! 1971ರ ಯುದ್ಧದಲ್ಲಿದ್ದವರದಾದರೆ ನೋಡುವವರ ಎಡದಿಂದ ಮೊದಲು ಪೂರ್ವಿ ಅಥವಾ ಪಶ್ಚಿಮಿ ಸ್ಟಾರ್, ಆಮೇಲೆ ಸಂಗ್ರಾಮ್ ಮೆಡಲ್, ಸೈನ್ಯ ಸೇವಾ ಮೆಡಲ್, ಅದಾದ ಮೇಲೆ 9 ವರ್ಷದ ದೀರ್ಘ ಸೇವಾ ಪದಕ. ಸಮವಸ್ತ್ರದಲ್ಲಿ ತೆಗೆಸಿದ ಹಳೆಯ ಫೋಟೊ ಇದ್ದರೆ ಅದರಲ್ಲಿನ ರಿಬ್ಬನ್ ಸಾಲು ನೋಡಿ ಒಂದು ಚೀಟಿಯಲ್ಲಿ ಚಿತ್ರ ಬರೆದುಕೊಡಿ. ರಿಬ್ಬನ್ 32 ಮಿ.ಮೀ. ಅಗಲ, ನಾಲ್ಕನ್ನು ಒತ್ತೊತ್ತಾಗಿ ಇಟ್ಟರೂ 13 ಸೆಂ.ಮೀ. ಬೇಕು. ಒಳಗಿನ ಆಳ 30 ಮಿ.ಮೀ.ಗಿಂತ ಕಡಿಮೆ ಬೇಡ. ಟೋಪಿ, ಬೆಲ್ಟ್ ಕೂಡ ಸೇರಿಸುತ್ತೇವೆ ಎಂದರೆ ಅದಕ್ಕೆ ಬೇರೆ ಪೆಟ್ಟಿಗೆಯೇ ಸರಿ.

ಫೋಟೊ ರಿಪೇರಿಯಲ್ಲಿ ಈಗ ಹೊಸ ಕಾಟ ಶುರುವಾಗಿದೆ. ಎಐ ಹಾಕಿ ‘ಕ್ಲೀನ್’ ಮಾಡಿದಾಗ ಮುಖ ನುಣುಪಾಗುತ್ತದೆ, ಜೊತೆಗೆ ಎದೆಯ ಮೇಲಿನ ರಿಬ್ಬನ್, ಟೋಪಿಯ ಬ್ಯಾಡ್ಜ್ ಎಲ್ಲವೂ ಇಲ್ಲದ ಆಕಾರಕ್ಕೆ ತಿರುಗುತ್ತವೆ. 600 ಡಿಪಿಐನಲ್ಲಿ, ಪಾಸ್‌ಪೋರ್ಟ್ ಸೈಜಿನ ಫೋಟೊ ಆದರೆ 1200ರಲ್ಲಿ ಸ್ಕ್ಯಾನ್ ಮಾಡಿಸಿ, ಗೀರು ಮಾತ್ರ ತೆಗೆಸಿ. ಮ್ಯಾಟ್ ಪ್ರಿಂಟನ್ನೇ ಫ್ರೇಮಿಗೆ ಹಾಕಿಸಿ, ಮೂಲ ಫೋಟೊ ಮನೆಯ ಕವರಿನಲ್ಲಿರಲಿ. ಪ್ರಿಂಟಿಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ (ಫೋಟೊ ಸುತ್ತ ಕೂರಿಸುವ ದಪ್ಪ ರಟ್ಟು) ಇರಲೇಬೇಕು. ತಾಗಿಕೊಂಡಿದ್ದರೆ ತೇವಕ್ಕೆ ಗಾಜಿಗೇ ಅಂಟಿಕೊಳ್ಳುತ್ತದೆ.

ಲೇಔಟ್ ಕೇಳಿದರೆ ಎಲ್ಲ ಅಂಗಡಿಗಳೂ ಒಂದೇ ನಮೂನೆ ತೋರಿಸುತ್ತವೆ: ನಡುವೆ ದೊಡ್ಡ ಯೂನಿಫಾರ್ಮ್ ಫೋಟೊ, ಹಿಂದೆ ತ್ರಿವರ್ಣ, ಮೂಲೆಯಲ್ಲಿ ಬೆರಳುಗಾತ್ರದ ಮದುವೆ ಫೋಟೊ. ಇದು ಒಪ್ಪುವ ಮಾತಲ್ಲ. ಸೈನಿಕ ಸೇನೆಯಲ್ಲಿದ್ದದ್ದು ಹದಿನೈದಿಪ್ಪತ್ತು ವರ್ಷ. ಮಿಕ್ಕ ಆಯುಸ್ಸೆಲ್ಲ ಹೆಂಡತಿ, ಮಕ್ಕಳು, ಮೊಮ್ಮಕ್ಕಳ ಜೊತೆ. ಅರ್ಧ ಜಾಗ ಮನೆಯವರಿಗೇ ಇರಲಿ. ‘56 ಎಪಿಒ’ ಅಥವಾ ‘99 ಎಪಿಒ’ (ಸೇನೆಯ ಅಂಚೆ ಕಚೇರಿ) ವಿಳಾಸದ ಇನ್‌ಲ್ಯಾಂಡ್ ಪತ್ರವೊಂದು ಉಳಿದಿದ್ದರೆ ಅದರ ಬಣ್ಣದ ಜೆರಾಕ್ಸ್ ಮಡಿಕೆಯ ಗೆರೆಯ ಸಮೇತ ಬಂದರೆ ಎಷ್ಟೋ ಮೇಲು. ಮಕ್ಕಳ ಫೀಸು, ಊರಿನ ಮಳೆ, ಮನಿ ಆರ್ಡರ್ ತಲುಪಿತೇ ಎಂಬ ವಿಚಾರಣೆ ಇರುವ ಪುಟವನ್ನೇ ಆರಿಸಿ.

ಹೆಸರಿನ ಫಲಕಕ್ಕೆ ನಂಬರ್, ರ‍್ಯಾಂಕ್, ರೆಜಿಮೆಂಟ್ ಮೂರನ್ನೂ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕ ನೋಡಿಯೇ ಬರೆದುಕೊಡಿ. ಲಾಂಛನವನ್ನು ಅಂಗಡಿಯವರು ನೆಟ್‌ನಿಂದ ಇಳಿಸಿ ಯಾವುದೋ ರೆಜಿಮೆಂಟಿನದ್ದು ಹಾಕಿಬಿಡುವುದುಂಟು.

ದರ ಫ್ರೇಮಿನ ಮರದ ಪಟ್ಟಿಗೆ ಅಡಿ ಲೆಕ್ಕದಲ್ಲಿ. 18×24 ಇಂಚಿನ ಫ್ರೇಮಿಗೆ ಸುತ್ತಳತೆ 7 ಅಡಿ, ಮೂಲೆ ಕತ್ತರಿಸಿದ್ದರ ವೇಸ್ಟೇಜ್ ಸೇರಿಸಿ ಬಿಲ್ ಮಾಡುತ್ತಾರೆ; ಆಳದ ಪೆಟ್ಟಿಗೆ, ಹೊಲಿಗೆ ಕೆಲಸದ ಕೂಲಿ ಬೇರೆ. ಮುಂಗಡ ಕೊಡುವ ಮೊದಲೇ ಇವೆಲ್ಲ ರಸೀದಿಯಲ್ಲಿ ಬರಲಿ. ತೆಗೆದುಕೊಳ್ಳುವಾಗ ನಾಲ್ಕು ಮೂಲೆಗೂ ಉಗುರು ಆಡಿಸಿ ನೋಡಿ, ಸಂದು ಸಿಕ್ಕರೆ ಅಲ್ಲೇ ವಾಪಸ್ ಕೊಡಿ. ಹಿಂಬದಿಗೆ ಮೊಳೆ ಹೊಡೆದು ಮುಚ್ಚದೆ ಸ್ಕ್ರೂ ಹಾಕಿಸಿ, ಮುಂದೆ ತೆಗೆಯಬೇಕಾಗುತ್ತದೆ. 3 ಮಿ.ಮೀ. ಗಾಜೊಂದೇ 2 ಕೆಜಿ ತೂಗುವುದರಿಂದ ಎರಡು ಕಡೆ ಕೊಂಡಿ ಇರಲೇಬೇಕು, ಗೋಡೆಗೂ ಎರಡು ಆಂಕರ್ ಸ್ಕ್ರೂ.